ಹತ್ತು ಸಾವಿರದಲ್ಲಿ ನಾಲ್ಕು

ಮಾಗಿಯ ಬೆಳಗ್ಗೆ ಆರು ಗಂಟೆಗೆ ಹೊರಗೆ ಬಂದು ನೋಡಿ. ಬಯಲಿನಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಇಬ್ಬನಿಯಲ್ಲಿ ತೊಯ್ದಿರುತ್ತದೆ. ಒರೆಸದೆ ಕುಳಿತರೆ ಪ್ಯಾಂಟು ಒದ್ದೆ. ನಾಲ್ಕು ಮಾರು ಆಚೆ ಹೊಂಗೆ ಮರದ ಕೆಳಗೆ ನಿಂತ ಪಕ್ಕದ ಮನೆಯವರ ಸ್ಕೂಟರಿನ ಸೀಟು ಒಣಗಿಯೇ ಇರುತ್ತದೆ. ಅದೇ ರಾತ್ರಿ, ಅದೇ ಗಾಳಿ. ಇಬ್ಬನಿ ಮೇಲಿನಿಂದ ಉದುರುತ್ತದೆ, ಮರ ಅದನ್ನು ತಡೆಯುತ್ತದೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಆದರೆ ಇಬ್ಬನಿ ಎಲ್ಲಿಂದಲೂ ಉದುರುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈಮೇಲೆ ಹನಿ ಕಟ್ಟುವ ಹಾಗೆ, ತಣ್ಣಗಾದ ವಸ್ತುವಿನ ಮೇಲೆ ಪಕ್ಕದ ಗಾಳಿಯ ತೇವವೇ ಹನಿಯಾಗುತ್ತದೆ. ಅಂದರೆ ಬಯಲಿನ ಸೀಟು ಮರದಡಿಯ ಸೀಟಿಗಿಂತ ಹೆಚ್ಚು ತಣ್ಣಗಾಗಿದೆ. ಏಕೆ?

ಕಾದ ಕಾವಲಿಯ ಹತ್ತಿರ ಅಂಗೈ ಹಿಡಿದರೆ ಮುಟ್ಟದೆಯೇ ಕಾವು ತಗಲುತ್ತದಲ್ಲ, ಹಾಗೆ ಎಲ್ಲ ವಸ್ತುಗಳೂ ಹಗಲಿರುಳು ಶಾಖದ ಕಿರಣಗಳನ್ನು ಬೀರುತ್ತಲೇ ಇರುತ್ತವೆ. ಕಣ್ಣಿಗೆ ಕಾಣದ ಇವು ಅವಕೆಂಪು ಕಿರಣಗಳು. ಮರದಡಿಯ ಸೀಟು ಬೀರಿದ ಶಾಖಕ್ಕೆ ಬದಲಾಗಿ ಎಲೆಗಳು ತಮ್ಮ ಶಾಖವನ್ನು ಕೆಳಕ್ಕೆ ಬೀರುತ್ತವೆ. ಕೊಟ್ಟದ್ದಕ್ಕೂ ಬಂದದ್ದಕ್ಕೂ ಹೆಚ್ಚು ಕಡಿಮೆ ಸರಿಹೋಗುತ್ತದೆ. ಬಯಲಿನ ಸೀಟಿನ ಮೇಲಿರುವುದು ಬರೀ ಆಕಾಶ, ಅದು ಕೊಡುವುದರಲ್ಲಿ ಬಲು ಜಿಪುಣ. ಹಾಗಾಗಿ ಆ ಸೀಟು ರಾತ್ರಿಯಿಡೀ ನಷ್ಟದಲ್ಲೇ ಇರುತ್ತದೆ. ಮೋಡ ಕವಿದ ರಾತ್ರಿಯಾದರೆ ಬಯಲಿನ ಸೀಟೂ ಒಣಗಿರುತ್ತದೆ. ಮೋಡ ಮರದ ಕೆಲಸ ಮಾಡಿರುತ್ತದೆ.

ಜಿಪುಣ ಎಂದೆ, ಏನೂ ಕೊಡುವುದಿಲ್ಲ ಎನ್ನಲಿಲ್ಲ. ಮೋಡವಿಲ್ಲದ ಆಕಾಶವೂ ಒಂದಿಷ್ಟು ಶಾಖವನ್ನು ಕೆಳಕ್ಕೆ ಕಳುಹಿಸುತ್ತದೆ, ನಾವು ಬದುಕಿರುವುದು ಅದರಿಂದಲೇ. ಸೂರ್ಯನಿಂದ ಬರುವ ಬಿಸಿಯಷ್ಟನ್ನೇ ಲೆಕ್ಕ ಹಾಕಿದರೆ ಭೂಮಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರಬೇಕಿತ್ತು. ಇರುವುದು ಸುಮಾರು 15 ಡಿಗ್ರಿ. ನಡುವಿನ 33 ಡಿಗ್ರಿ ಗಾಳಿಯ, ಅದರಲ್ಲೂ ಇಂಗಾಲದ ಡೈಆಕ್ಸೈಡಿನಂಥ ಅನಿಲಗಳ ಕೊಡುಗೆ. ಇದಕ್ಕೇ ಹಸಿರುಮನೆ ಪರಿಣಾಮ ಎಂದು ಹೆಸರು. ಹೆಸರು ಅಷ್ಟು ಸರಿಯಾದುದಲ್ಲ. ನಮ್ಮ ರೈತರ ಪಾಲಿಹೌಸ್ ಬಿಸಿಯಾಗುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಹೊರಗೆ ಹೋಗದಿರುವುದರಿಂದ. ಪಕ್ಕದ ಪರದೆಯನ್ನು ಸುತ್ತಿ ಮೇಲಕ್ಕೆತ್ತಿದರೆ ಬಿಸಿ ಇಳಿಯುತ್ತದೆ. ಭೂಮಿಗೆ ಅಂಥ ಪರದೆಯಿಲ್ಲ. ಇಲ್ಲಿ ತಡೆಯಾಗುವುದು ಗಾಳಿಗೆ ಅಲ್ಲ, ಕಿರಣಕ್ಕೆ. ಹೆಸರು ಬಿದ್ದಾಗಿದೆ, ಇರಲಿ.

ಇದನ್ನೆಲ್ಲ ಒಮ್ಮೆ ನಮ್ಮ ಸೋದರಮಾವನ ಮುಂದೆ ಹೇಳಿದೆ. ಅವರು ನಿವೃತ್ತ ಗಣಿತದ ಮೇಷ್ಟ್ರು, ಅಂಕಿ ಕೊಡದೆ ಏನನ್ನೂ ಒಪ್ಪುವವರಲ್ಲ. "ಗಾಳಿಯಲ್ಲಿ ಈ ಇಂಗಾಲದ ಡೈಆಕ್ಸೈಡ್ ಎಷ್ಟಿದೆ, ಅದನ್ನು ಮೊದಲು ಹೇಳು" ಎಂದರು. ಹತ್ತು ಸಾವಿರ ಅಣುಗಳಲ್ಲಿ ನಾಲ್ಕು ಚಿಲ್ಲರೆ, ಎಂದೆ. ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹತ್ತು ಸಾವಿರದಲ್ಲಿ ನಾಲ್ಕಕ್ಕೆ ಇಷ್ಟು ಗಲಾಟೆಯೇನೋ?"

ಪ್ರಶ್ನೆ ಹುಡುಗಾಟದ್ದಲ್ಲ. ಈ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು ಎಂದು ನನಗನ್ನಿಸುತ್ತದೆ.

ಉತ್ತರ ಬಚ್ಚಲುಮನೆಯಲ್ಲಿ ಸಿಗುತ್ತದೆ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ತೆಗೆದುಕೊಳ್ಳಿ. ಹತ್ತು ಲೀಟರಿನ ಬಕೆಟ್ಟಿಗೆ ಹತ್ತು ಸಾವಿರದಲ್ಲಿ ನಾಲ್ಕರ ಲೆಕ್ಕದಲ್ಲಿ ನೀಲಿ ಬೆರೆಸಬೇಕಾದರೆ ನಾಲ್ಕು ಮಿಲಿಲೀಟರ್ ಬೇಕು, ಒಂದು ಟೀ ಚಮಚವೂ ತುಂಬುವುದಿಲ್ಲ. ಅಷ್ಟಕ್ಕೇ ಬಕೆಟ್ಟಿನ ನೀರೆಲ್ಲ ನೀಲಿಯಾಗಿ ತಳ ಮಸುಕಾಗುತ್ತದೆ. ಬೆಳಕಿನ ಪಾಲಿಗೆ ನೀರು ಇದ್ದೂ ಇಲ್ಲದಂತೆ. ಆದ್ದರಿಂದ ಎಷ್ಟು ನೀರಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಎಷ್ಟು ನೀಲಿ ಇದೆ ಎಂಬುದಷ್ಟೇ ಬರುತ್ತದೆ. ಗಾಳಿಯಲ್ಲೂ ಹಾಗೆಯೇ. ಶೇ 78ರಷ್ಟು ಸಾರಜನಕ, ಶೇ 21ರಷ್ಟು ಆಮ್ಲಜನಕ, ಉಳಿದುದರಲ್ಲಿ ಬಹುಪಾಲು ಆರ್ಗಾನ್. ಈ ಮೂರೂ ಅವಕೆಂಪು ಕಿರಣಗಳ ಪಾಲಿಗೆ ತಿಳಿನೀರು.

ಸಾರಜನಕದ್ದೂ ಆಮ್ಲಜನಕದ್ದೂ ಒಂದೇ ಬಗೆಯ ಎರಡೆರಡು ಪರಮಾಣು ಅಂಟಿಕೊಂಡ ಅಣುಗಳು. ಅವು ಹೇಗೆ ಅಲುಗಿದರೂ ಎರಡೂ ಕಡೆ ಸಮ. ಶಾಖದ ಕಿರಣಕ್ಕೆ ಅಲ್ಲಿ ಹಿಡಿಕೆ ಸಿಗುವುದಿಲ್ಲ. ಇಂಗಾಲದ ಡೈಆಕ್ಸೈಡಿನದು ಬೇರೆ ಕಥೆ. ನಡುವೆ ಒಂದು ಇಂಗಾಲ, ಎರಡೂ ತುದಿಗೆ ಒಂದೊಂದು ಆಮ್ಲಜನಕ, ಥೇಟ್ ಕಾವಡಿ. ಕಾವಡಿ ಹೊತ್ತವನು ನಡೆಯುವಾಗ ಎರಡೂ ತುದಿ ಒಟ್ಟಿಗೆ ಬಳುಕುವಂತೆ ಈ ಅಣುವೂ ಬಳುಕುತ್ತದೆ. ಆ ಬಳುಕಿನ ತಾಳ ನೆಲದಿಂದ ಏಳುವ ಅವಕೆಂಪು ಕಿರಣಗಳ ಒಂದು ಪಟ್ಟಿಯ ತಾಳಕ್ಕೆ ಹೊಂದುತ್ತದೆ. ಹೊಂದಿದ ಕಿರಣವನ್ನು ಅಣು ನುಂಗುತ್ತದೆ, ಆ ಕಾವನ್ನು ಸುತ್ತಲ ಗಾಳಿಗೆ ಹಂಚುತ್ತದೆ, ಗಾಳಿಯಿಂದ ಅದು ಮತ್ತೆ ಕಿರಣವಾಗಿ ಎಲ್ಲ ದಿಕ್ಕಿಗೂ ಹೊರಡುತ್ತದೆ. ಎಲ್ಲ ದಿಕ್ಕು ಎಂದ ಮೇಲೆ ಕೆಳಕ್ಕೂ ಬಂತಲ್ಲ. ನೀರಾವಿ, ಮೀಥೇನ್, ನೈಟ್ರಸ್ ಆಕ್ಸೈಡ್ ಇವೆಲ್ಲ ಬೇರೆ ಬೇರೆ ತಾಳದ ಕಿರಣಗಳಿಗೆ ಇದೇ ಕೆಲಸ ಮಾಡುತ್ತವೆ.

ಇದು ನಿನ್ನೆ ಮೊನ್ನೆಯ ತಿಳಿವಳಿಕೆಯೇನಲ್ಲ. 1856ರಲ್ಲಿ ಅಮೆರಿಕದ ಯುನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಥರ್ಮಾಮೀಟರ್ ಇಟ್ಟು, ಬಿಸಿಲಿಗೆ ಒಡ್ಡಿದಳು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾಯಿತು, ನೆರಳಿಗೆ ತಂದ ಮೇಲೂ ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು. ಗಾಳಿಯಲ್ಲಿ ಈ ಅನಿಲ ಹೆಚ್ಚಿದ್ದರೆ ಭೂಮಿ ಹೆಚ್ಚು ಬೆಚ್ಚಗಿರುತ್ತದೆ ಎಂದು ಆಗಲೇ ಬರೆದಳು. ವಿಜ್ಞಾನಿಗಳ ಸಭೆಯಲ್ಲಿ ಆ ಪ್ರಬಂಧವನ್ನು ಓದಿದ್ದು ಅವಳಲ್ಲ, ಜೋಸೆಫ್ ಹೆನ್ರಿ ಎಂಬ ಗಂಡಸು. ಆಮೇಲೆ ಒಂದೂವರೆ ಶತಮಾನ ಎಲ್ಲರೂ ಅವಳನ್ನು ಮರೆತರು. 1859ರಲ್ಲಿ ಜಾನ್ ಟಿಂಡಾಲ್ ಎಂಬ ವಿಜ್ಞಾನಿ ಶಾಖದ ಕಿರಣಗಳನ್ನೇ ಹಾಯಿಸಿ ಅಳೆದ. 1896ರಲ್ಲಿ ಸ್ವೀಡನ್ನಿನ ಸ್ವಾಂತೆ ಅರೇನಿಯಸ್ ಕಾಗದ ಪೆನ್ಸಿಲ್ ಹಿಡಿದು, ಈ ಅನಿಲ ಇಮ್ಮಡಿಯಾದರೆ ಭೂಮಿ ಐದಾರು ಡಿಗ್ರಿ ಬಿಸಿಯಾಗುತ್ತದೆ ಎಂದು ಲೆಕ್ಕ ಹಾಕಿದ. ಇಂದಿನ ಅಂದಾಜು ಸುಮಾರು ಮೂರು ಡಿಗ್ರಿ. ಕಂಪ್ಯೂಟರ್ ಇಲ್ಲದ ಕಾಲದ ಲೆಕ್ಕ ಅಷ್ಟು ಹತ್ತಿರ ಬಂದಿದ್ದೇ ದೊಡ್ಡದು. ಚಳಿಯ ದೇಶದವನಾದ ಅವನಿಗೆ ಈ ಬಿಸಿ ಒಳ್ಳೆಯದಾಗಿಯೇ ಕಂಡಿತ್ತು.

ಇನ್ನು ಪೆಟ್ರೋಲಿಗೆ ಬರೋಣ. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಮಿಗೆ ಚೂರು ಕಡಿಮೆ. ಅದನ್ನು ಸುಟ್ಟರೆ ಹೊರಬರುವ ಇಂಗಾಲದ ಡೈಆಕ್ಸೈಡಿನ ತೂಕ ಸುಮಾರು 2.3 ಕಿಲೋಗ್ರಾಂ. ಮಾವ ಇದನ್ನು ಒಪ್ಪಲು ಒಂದು ಹಾಳೆ ಖರ್ಚಾಯಿತು. "ಮುಕ್ಕಾಲು ಕಿಲೋ ಹೋಗಿ ಎರಡೂ ಕಾಲು ಕಿಲೋ ಹೇಗೆ ಬರುತ್ತದೆ?" ಪೆಟ್ರೋಲಿನಲ್ಲಿರುವ ಇಂಗಾಲ ಸುಮಾರು 640 ಗ್ರಾಂ. ಉರಿಯುವಾಗ ಪ್ರತಿ ಇಂಗಾಲದ ಪರಮಾಣುವೂ ಗಾಳಿಯಿಂದ ಎರಡು ಆಮ್ಲಜನಕ ಹಿಡಿದುಕೊಳ್ಳುತ್ತದೆ. ಇಂಗಾಲದ ತೂಕ 12 ಎಂದಿಟ್ಟರೆ ಎರಡು ಆಮ್ಲಜನಕದ್ದು 32. ಹಾಗಾಗಿ 640 ಗ್ರಾಂ ಇಂಗಾಲಕ್ಕೆ 1,700 ಗ್ರಾಂ ಆಮ್ಲಜನಕ ಸೇರುತ್ತದೆ. ಸೇರಿಸಿದ್ದು ಗಾಳಿ, ತೂಕ ನಮ್ಮ ಲೆಕ್ಕಕ್ಕೆ. ಇಷ್ಟು ಅನಿಲ ಕಡಲಮಟ್ಟದ ಹವೆಯಲ್ಲಿ ಸುಮಾರು 1,280 ಲೀಟರ್ ಜಾಗ ಹಿಡಿಯುತ್ತದೆ. ತಾರಸಿಯ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ತುಂಬಿ ಹೊರಚೆಲ್ಲುವಷ್ಟು. ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುವುದರಿಂದ ಅಂಕಿ ಕೊಂಚ ಇಳಿಯುತ್ತದೆ, ಅಷ್ಟೇ. ಮಾರುಕಟ್ಟೆಗೆ ಹೋಗಿಬಂದು ಹೋಗಿಬಂದು ಒಂದು ಲೀಟರ್ ಮುಗಿಸಿದವನು ಬೀದಿಯಲ್ಲಿ ಒಂದು ಟ್ಯಾಂಕ್ ಅನಿಲ ಬಿಟ್ಟು ಬಂದಿರುತ್ತಾನೆ. ಅದಕ್ಕೆ ಬಣ್ಣ ಇದ್ದಿದ್ದರೆ ಈ ಲೇಖನವೇ ಬೇಕಿರಲಿಲ್ಲ.

"ನಾವು ಉಸಿರು ಬಿಡುವುದೂ ಅದೇ ಅನಿಲ ತಾನೇ?" ಹೌದು, ಆದರೆ ಆ ಇಂಗಾಲ ನಾವು ಉಂಡ ರಾಗಿಯದು, ಅಕ್ಕಿಯದು. ರಾಗಿ ಅದನ್ನು ಕೆಲವು ತಿಂಗಳ ಹಿಂದೆ ಗಾಳಿಯಿಂದಲೇ ಪಡೆದಿತ್ತು. ಸೌದೆಯದೂ ಹಾಗೆಯೇ, ಕಡಿದ ಜಾಗದಲ್ಲಿ ಮರ ಮತ್ತೆ ಬೆಳೆದರೆ. ಕಲ್ಲಿದ್ದಲಿನದು ಹಾಗಲ್ಲ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಸಿಂಗರೇಣಿಯಿಂದ ಬರುವ ಕಲ್ಲಿದ್ದಲು 25 ಕೋಟಿ ವರ್ಷಗಳಿಗೂ ಹಿಂದಿನ ಕಾಡು. ಅಷ್ಟು ಕಾಲ ನೆಲದಡಿ ಹೂತಿದ್ದ ಇಂಗಾಲ ಒಂದು ಮಧ್ಯಾಹ್ನದಲ್ಲಿ ಚಿಮಣಿ ದಾಟುತ್ತದೆ.

ಇಲ್ಲಿ ಕೆರೆಯ ಲೆಕ್ಕ ಬರುತ್ತದೆ. ವಾತಾವರಣವನ್ನು ಒಂದು ಕೆರೆ ಎಂದುಕೊಳ್ಳಿ. ಒಂದು ಕಡೆಯಿಂದ ಹಳ್ಳ ಸೇರುತ್ತದೆ: ಪ್ರಾಣಿಗಳ ಉಸಿರು, ಕೊಳೆಯುವ ಎಲೆ, ಜ್ವಾಲಾಮುಖಿ. ಇನ್ನೊಂದು ಕಡೆ ತೂಬಿನಿಂದ ಹೊರಹೋಗುತ್ತದೆ: ಗಿಡಮರ, ಸಮುದ್ರ. ಸುಮಾರು ಹತ್ತು ಸಾವಿರ ವರ್ಷ ಎರಡೂ ಸರಿದೂಗಿ ನೀರಿನ ಮಟ್ಟ ಹೆಚ್ಚು ಕದಲದೆ ನಿಂತಿತ್ತು, ಹತ್ತು ಲಕ್ಷ ಅಣುಗಳಿಗೆ 280ರ ಆಸುಪಾಸಿನಲ್ಲಿ. ಆಮೇಲೆ ನಾವು ಇನ್ನೊಂದು ಕಾಲುವೆ ಕಡಿದು ತಿರುಗಿಸಿದೆವು. ಹಳ್ಳಕ್ಕೆ ಹೋಲಿಸಿದರೆ ಈ ಕಾಲುವೆ ಚಿಕ್ಕದು, ಆದರೆ ಇದಕ್ಕೆ ಜೋಡಿ ತೂಬಿಲ್ಲ. ಕಲ್ಲಿದ್ದಲು, ತೈಲ, ಅನಿಲ ಉರಿಸುವುದರಿಂದ ಮತ್ತು ಸಿಮೆಂಟ್ ತಯಾರಿಕೆಯಿಂದ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿದೆ. ಹಳೆಯ ತೂಬೇ ಕೊಂಚ ಹೆಚ್ಚು ಹರಿದು ನಾವು ಸುರಿದದ್ದರಲ್ಲಿ ಅರ್ಧದಷ್ಟನ್ನು ಹೊರಹಾಕುತ್ತಿದೆ. ಕಾಡಿಗೂ ಕಡಲಿಗೂ ನಾವು ಅಷ್ಟರ ಮಟ್ಟಿಗೆ ಋಣಿಗಳು. ಉಳಿದರ್ಧ ಕೆರೆಯಲ್ಲೇ ನಿಲ್ಲುತ್ತದೆ.

ಕೆರೆಯ ಮಟ್ಟವನ್ನು ಪಟ್ಟುಹಿಡಿದು ಅಳೆದವನು ಚಾರ್ಲ್ಸ್ ಕೀಲಿಂಗ್. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಅವನು ಅಳತೆ ಶುರು ಮಾಡಿದಾಗ ಹತ್ತು ಲಕ್ಷಕ್ಕೆ ಸುಮಾರು 315 ಇತ್ತು. 2025ರ ಮೇ ತಿಂಗಳಲ್ಲಿ ಅಲ್ಲಿಯ ಸರಾಸರಿ 430 ದಾಟಿತು. ಅವನ ಗೆರೆ ನೇರವಾಗಿ ಏರುವುದಿಲ್ಲ, ಗರಗಸದ ಹಲ್ಲಿನಂತೆ ಏರಿಳಿಯುತ್ತ ಏರುತ್ತದೆ. ಉತ್ತರ ಗೋಳದ ಕಾಡುಗಳು ಬೇಸಿಗೆಯಲ್ಲಿ ಚಿಗುರಿ ಅನಿಲ ಹೀರಿದಾಗ ಇಳಿತ, ಎಲೆ ಉದುರಿ ಕೊಳೆಯುವಾಗ ಏರಿಕೆ. ಭೂಮಿ ವರ್ಷಕ್ಕೊಮ್ಮೆ ಉಸಿರಾಡುವುದು ಆ ಗೆರೆಯಲ್ಲಿ ಕಾಣುತ್ತದೆ. ಅಂಟಾರ್ಕ್ಟಿಕಾದ ಹಿಮದಾಳದಲ್ಲಿ ಸಿಕ್ಕಿಕೊಂಡ ಹಳೆಯ ಗಾಳಿಯ ಗುಳ್ಳೆಗಳನ್ನು ತೆಗೆದು ನೋಡಿದರೆ ಎಂಟು ಲಕ್ಷ ವರ್ಷಗಳಲ್ಲಿ ಒಮ್ಮೆಯೂ ಮಟ್ಟ 300 ದಾಟಿರಲಿಲ್ಲ. ಹಿಂದಿನ ಬಕೆಟ್ಟಿನ ಲೆಕ್ಕದಲ್ಲಿ ಹೇಳುವುದಾದರೆ 2.8 ಮಿಲಿಲೀಟರ್ ಇದ್ದ ನೀಲಿ ಈಗ 4.2ನ್ನು ದಾಟಿದೆ.

ಕೆರೆಯ ಹೋಲಿಕೆ ಮರೆತವರಿಗೆ 2020 ಒಂದು ಪಾಠ. ಕೊರೊನಾ ಲಾಕ್‌ಡೌನಿನಲ್ಲಿ ಬಸ್ಸು, ವಿಮಾನ, ಕಾರ್ಖಾನೆ ನಿಂತವು, ಆಕಾಶ ತಿಳಿಯಾಯಿತು, "ಪ್ರಕೃತಿ ಗುಣವಾಯಿತು" ಎಂದು ಮೊಬೈಲಿಗೆ ಸಂದೇಶಗಳು ಬಂದವು. ಹೊಗೆ, ದೂಳು ಇಳಿದದ್ದು ನಿಜ. ಇಂಗಾಲದ ಡೈಆಕ್ಸೈಡಿನ ಮಟ್ಟ ಮಾತ್ರ ಆ ವರ್ಷವೂ ಏರಿತು. ಕಾಲುವೆಯ ಹರಿವು ಶೇ ಐದಾರರಷ್ಟು ತಗ್ಗಿತ್ತು, ಅಷ್ಟೇ, ಕಾಲುವೆ ಮುಚ್ಚಿರಲಿಲ್ಲ.

ಈ ಏರಿಕೆ ನಮ್ಮದೇ ಎಂದು ಹೇಗೆ ಗೊತ್ತು? ಇಂಗಾಲಕ್ಕೆ ಊರ ಗುರುತು ಇರುತ್ತದೆ. ಬದುಕಿರುವ ಗಿಡದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಬಗೆ ಚೂರು ಇರುತ್ತದೆ. ಸತ್ತ ಮೇಲೆ 5,730 ವರ್ಷಕ್ಕೆ ಅರ್ಧದಂತೆ ಕರಗುತ್ತದೆ. ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಿದ್ದಲಿನಲ್ಲಿ ಅದು ಉಳಿದಿರುವುದೇ ಇಲ್ಲ. ಕಲ್ಲಿದ್ದಲು ಸುಟ್ಟಷ್ಟೂ ಗಾಳಿಯಲ್ಲಿ ಈ ಗುರುತು ತೆಳುವಾಗಬೇಕು, ಆಗಿದೆ. ಸೂರ್ಯನದೇ ತಪ್ಪು ಎನ್ನುವವರಿದ್ದಾರೆ. 1970ರ ದಶಕದ ಕೊನೆಯಿಂದ ಉಪಗ್ರಹಗಳು ಬಿಸಿಲನ್ನು ಅಳೆಯುತ್ತಿವೆ, ಅದರಲ್ಲಿ ಏರಿಕೆಯಿಲ್ಲ. ಇದಕ್ಕಿಂತ ಚೆಂದದ ಸಾಕ್ಷಿ ಇನ್ನೊಂದಿದೆ. ಸೂರ್ಯ ಹೆಚ್ಚು ಉರಿಯುತ್ತಿದ್ದರೆ ವಾತಾವರಣದ ಎಲ್ಲ ಪದರಗಳೂ ಕಾಯಬೇಕಿತ್ತು. ಆದರೆ ನೆಲದ ಹತ್ತಿರದ ಪದರ ಕಾಯುತ್ತಿದೆ, ಹದಿನೈದು ಕಿಲೋಮೀಟರಿನಿಂದಾಚೆಯ ಪದರ ತಣಿಯುತ್ತಿದೆ. ಕಂಬಳಿ ದಪ್ಪಗಾದಾಗ ಒಳಗೆ ಸೆಕೆ, ಹೊರಮೈಗೆ ಚಳಿ.

ಇಂಗಾಲದ ಡೈಆಕ್ಸೈಡಿನ ಬಂಧುಗಳನ್ನೂ ನೋಡಿಬಿಡೋಣ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದು ಮೀಥೇನ್. ಹಸು ಮೆಲುಕು ಹಾಕುತ್ತ ತೇಗಿನಲ್ಲಿ ಬಿಡುವುದು, ನೀರು ನಿಂತ ಭತ್ತದ ಗದ್ದೆಯಿಂದ ಗುಳ್ಳೆಯಾಗಿ ಏಳುವುದು, ಊರಾಚೆಯ ಕಸದ ಗುಡ್ಡದಿಂದ ಬರುವುದು ಅದೇ. ಹನ್ನೆರಡು ವರ್ಷದ ಆಸುಪಾಸಿನಲ್ಲಿ ಗಾಳಿಯಿಂದ ಮಾಯವಾಗುತ್ತದೆ, ಆದರೆ ನೂರು ವರ್ಷದ ಲೆಕ್ಕ ಹಿಡಿದರೆ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು ಕಾವು ಹಿಡಿದಿಡುತ್ತದೆ. ಗೋಬರ್ ಗ್ಯಾಸನ್ನು ಉರಿಸುವುದು ಒಳ್ಳೆಯದು, ಸೋರಲು ಬಿಡುವುದು ಕೆಟ್ಟದ್ದು ಎನ್ನುವುದು ಇದಕ್ಕೇ. ಹೊಲಕ್ಕೆ ಅಗತ್ಯಕ್ಕಿಂತ ಹೆಚ್ಚು ಎರಚಿದ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ. ಅದು ಸುಮಾರು 270 ಪಟ್ಟು, ಇರುವುದೂ ನೂರು ವರ್ಷಕ್ಕೆ ಮೇಲೆ.

ಫ್ರಿಜ್ಜು, ಏಸಿಗಳ ಅನಿಲದ ಕಥೆಗೆ ಬೆಂಗಳೂರಿನ ನಂಟಿದೆ. ವಿಜ್ಞಾನಿ ವೀರಭದ್ರನ್ ರಾಮನಾಥನ್ ಹುಟ್ಟಿದ್ದು ತಮಿಳುನಾಡಿನಲ್ಲಿ, ಹನ್ನೊಂದನೆಯ ವಯಸ್ಸಿಗೆ ಬಂದದ್ದು ಬೆಂಗಳೂರಿಗೆ. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಫ್ರಿಜ್ ಕಾರ್ಖಾನೆಯೊಂದರಲ್ಲಿ ಅನಿಲ ಏಕೆ ಸೋರುತ್ತದೆ ಎಂದು ಹುಡುಕುವ ಕೆಲಸಕ್ಕೆ ಸೇರಿದರು. ಬಳಿಕ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದರು. ಬೇಸರದಿಂದ ಮಾಡಿದ ಕೆಲಸದ ಅದೇ ಅನಿಲಗಳು 1975ರಲ್ಲಿ ಅವರ ಹೆಸರು ಎತ್ತಿದವು: ಫ್ರಿಜ್ಜಿನ ಕ್ಲೋರೊಫ್ಲೋರೊಕಾರ್ಬನ್ನಿನ ಒಂದು ಅಣು ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರ ಅಣುಗಳಷ್ಟು ಶಾಖ ಹಿಡಿಯುತ್ತದೆ ಎಂದು ತೋರಿಸಿದರು. ಓಝೋನ್ ಪದರಕ್ಕೆ ರಂಧ್ರ ಮಾಡುತ್ತಿದ್ದುದೂ ಇದೇ ಅನಿಲ, ಅದಕ್ಕಾಗಿ 1987ರ ಮಾಂಟ್ರಿಯಲ್ ಒಪ್ಪಂದದಿಂದ ಇದರ ಬಳಕೆಗೆ ಕಡಿವಾಣ ಬಿತ್ತು. ಓಝೋನ್ ರಂಧ್ರದಿಂದಲೇ ಭೂಮಿ ಕಾಯುತ್ತಿದೆ ಎಂದು ಹಲವರು ಇಂದಿಗೂ ಭಾಷಣ ಮಾಡುತ್ತಾರೆ. ಅವು ಎರಡು ಬೇರೆ ರೋಗಗಳು, ಎರಡರಲ್ಲೂ ಕೈಯಾಡಿಸಿದ ಅಪರಾಧಿ ಮಾತ್ರ ಒಬ್ಬನಿದ್ದಾನೆ.

ಗಾಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಶಾಖ ಹಿಡಿಯುವುದು ನೀರಾವಿ ಎಂದರೆ ಮಾವನಿಗೆ ಖುಷಿಯಾಯಿತು, "ನೋಡಿದೆಯಾ" ಎಂದರು. ಆದರೆ ನೀರಾವಿ ತಾನಾಗಿ ಮೇಲೆ ಕೂರುವುದಿಲ್ಲ. ಹೆಚ್ಚಾದರೆ ಹತ್ತು ದಿನದೊಳಗೆ ಮಳೆಯಾಗಿ ಇಳಿಯುತ್ತದೆ. ಗಾಳಿ ಎಷ್ಟು ಬೆಚ್ಚಗಿದೆಯೋ ಅಷ್ಟು ನೀರು ಹೊರಬಲ್ಲದು. ಒಂದು ಡಿಗ್ರಿಗೆ ಶೇ 7ರಷ್ಟು ಹೆಚ್ಚು. ಇಂಗಾಲದ ಡೈಆಕ್ಸೈಡ್ ಒಂದಿಷ್ಟು ಬಿಸಿ ಮಾಡಿದರೆ ಆ ಬಿಸಿಗೆ ನೀರಾವಿ ಹೆಚ್ಚಿ ಬಿಸಿಯನ್ನು ಸುಮಾರು ಇಮ್ಮಡಿಗೊಳಿಸುತ್ತದೆ. ಕಿಡಿ ಒಬ್ಬರದು, ತಿದಿ ಇನ್ನೊಬ್ಬರದು.

ಈ ಶೇ 7 ನಮ್ಮ ಮಳೆಯನ್ನೂ ಕೆಡಿಸಿದೆ. ಬೆಚ್ಚನೆಯ ಗಾಳಿ ನೆಲದಿಂದ ಹೆಚ್ಚು ತೇವ ಹೀರುತ್ತದೆ, ಹೆಚ್ಚು ಹೊತ್ತು ಹೊತ್ತುಕೊಂಡಿರುತ್ತದೆ, ಇಳಿಸಿದಾಗ ಒಮ್ಮೆಲೇ ಇಳಿಸುತ್ತದೆ. ಬರವೂ ನೆರೆಯೂ ಒಂದೇ ಕಾರಣದಿಂದ ಬಲಗೊಳ್ಳಬಹುದು ಎಂಬುದು ವಿಚಿತ್ರವೆನಿಸಿದರೂ ಸರಳ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಮರುವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಎರಡನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ನನಗೆ ಸರಿಕಾಣದು. ಬರದ ವರ್ಷ ಎಲ್ ನಿನೊ ಇತ್ತು, ಅಂದರೆ ಪೆಸಿಫಿಕ್ ಕಡಲು ಕಾದು ನಮ್ಮ ಮುಂಗಾರನ್ನು ಕುಗ್ಗಿಸುವ ವಿದ್ಯಮಾನ. ಇನ್ನು ರಾಜಕಾಲುವೆಯ ಮೇಲೆ ಕಟ್ಟಡ ಎಬ್ಬಿಸಿದ್ದು ಅನಿಲದ ಅಣುಗಳಲ್ಲ. ಅವು ದಾಳವನ್ನು ಒಂದು ಕಡೆಗೆ ಭಾರ ಮಾಡುತ್ತವೆ; ಪ್ರತಿ ಗರವನ್ನೂ ಅವೇ ಬೀಳಿಸುವುದಿಲ್ಲ.

ನಮ್ಮ ಭಾಷೆಯಲ್ಲೊಂದು ತೊಡಕಿದೆ. ಪಠ್ಯಪುಸ್ತಕ ಇಂದಿನ ಬಿಸಿಲು ಮಳೆಗೆ ಹವಾಮಾನ ಎನ್ನುತ್ತದೆ, ಮೂವತ್ತು ವರ್ಷದ ಸರಾಸರಿಗೆ ವಾಯುಗುಣ ಎನ್ನುತ್ತದೆ. ಪತ್ರಿಕೆಗಳು ಎರಡಕ್ಕೂ ಹವಾಮಾನ ಎಂದೇ ಬರೆಯುತ್ತವೆ, ಕೆಟ್ಟುಹೋದರೆ ಹವಾಮಾನ ವೈಪರೀತ್ಯ. ಹಾಗಾಗಿ ಡಿಸೆಂಬರಿನಲ್ಲಿ ಹಲ್ಲು ಕಟಕಟಿಸಿದಾಗ "ಎಲ್ಲಿ ಹೋಯಿತು ನಿಮ್ಮ ತಾಪಮಾನ ಏರಿಕೆ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ರೈತರಿಗೆ ಈ ಗೊಂದಲವಿಲ್ಲ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆ ವಾಯುಗುಣ, ತಲೆಮಾರುಗಳ ಸರಾಸರಿ. ಈ ವರ್ಷ ಭರಣಿ ಮಳೆ ಬಂತೋ ಇಲ್ಲವೋ ಎಂಬುದು ಹವಾಮಾನ. ಗಾದೆಯೇ ಹುಸಿಯಾಗತೊಡಗಿದರೆ ಅದು ವಾಯುಗುಣದ ಬದಲಾವಣೆ.

ಸರಾಸರಿಯಲ್ಲಿ ಒಂದೂವರೆ ಡಿಗ್ರಿ ಎಂದರೆ ಮಾವನೂ ಮೊದಲು ನಕ್ಕರು. ಬೆಳಗಿಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಇರುತ್ತದಲ್ಲ. 2024ನೇ ವರ್ಷ ಕೈಗಾರಿಕೆಗಳ ಪೂರ್ವದ ಸರಾಸರಿಗಿಂತ ಸುಮಾರು 1.55 ಡಿಗ್ರಿ ಹೆಚ್ಚು ಬಿಸಿ ಇತ್ತು. ಹೋಲಿಕೆಗೆ ಇನ್ನೊಂದು ಅಂಕಿ: ಇಪ್ಪತ್ತು ಸಾವಿರ ವರ್ಷದ ಹಿಂದೆ ಕೆನಡಾದ ಬಹುಪಾಲು ಕಿಲೋಮೀಟರುಗಟ್ಟಲೆ ದಪ್ಪದ ಹಿಮದಡಿ ಇದ್ದಾಗ ಭೂಮಿಯ ಸರಾಸರಿ ಕೈಗಾರಿಕೆಗಳ ಪೂರ್ವದ ಮಟ್ಟಕ್ಕಿಂತ ಐದಾರು ಡಿಗ್ರಿ ಮಾತ್ರ ಕಡಿಮೆ ಇತ್ತು. ಹೆಚ್ಚುವರಿ ಶಾಖದ ಶೇ 90ರಷ್ಟು ಗಾಳಿಗೆ ಹೋಗುವುದೇ ಇಲ್ಲ, ಕಡಲು ನುಂಗುತ್ತದೆ.

ಕೆರೆಗೆ ಸುರಿದವರು ಯಾರು ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. ವರ್ಷದ ಒಟ್ಟು ಲೆಕ್ಕದಲ್ಲಿ ಭಾರತ ಮೂರನೆಯದು. ತಲಾ ಲೆಕ್ಕದಲ್ಲಿ ನಮ್ಮದು ಸುಮಾರು ಎರಡು ಟನ್, ಅಮೆರಿಕದವರದು ಹದಿನಾಲ್ಕರ ಹತ್ತಿರ. ಕೆರೆಯ ಮಟ್ಟಕ್ಕೆ ಕಾರಣ ಇಂದಿನ ಹರಿವಷ್ಟೇ ಅಲ್ಲ, ನೂರೈವತ್ತು ವರ್ಷದ ಒಟ್ಟು ಸುರಿತ. ನಮ್ಮ ಪಾಲು ಅದರಲ್ಲಿ ಚಿಕ್ಕದು. ಹೀಗೆಂದು ಹೇಳಿದ ಮಾತ್ರಕ್ಕೆ ನಮ್ಮ ಕಾಲುವೆ ಸಣ್ಣದಾಗುವುದಿಲ್ಲ. ಪಾವಗಡದ 2,050 ಮೆಗಾವಾಟ್ ಸೌರ ಫಲಕಗಳಿಂದ ಕೊಂಚ ಆಗುತ್ತದೆ.

"ಹಾಗಾದರೆ ಎಲ್ಲರೂ ನಾಳೆಯೇ ನಿಲ್ಲಿಸಿದರೆ ಬಿಸಿ ಇಳಿಯುತ್ತದೆಯೇ?" ಇದು ಮಾವ ಕೇಳಿದ ಕೊನೆಯ ಪ್ರಶ್ನೆ. ಏರುವುದು ನಿಲ್ಲುತ್ತದೆ, ಇಳಿಯುವುದಿಲ್ಲ. ಮಟ್ಟ ನಿಧಾನವಾಗಿ ತಗ್ಗುತ್ತಿರುವಾಗಲೇ ಕಡಲು ನುಂಗುವ ಶಾಖವೂ ತಗ್ಗುವುದರಿಂದ ಎರಡೂ ಸಾಟಿಯಾಗಿ ಉಷ್ಣಾಂಶ ಶತಮಾನಗಟ್ಟಲೆ ಅಲ್ಲಿಯೇ ನಿಲ್ಲುತ್ತದೆ. ಈ ಕೆರೆಯ ತೂಬು ಮೊದಮೊದಲು ಚುರುಕು, ಆಮೇಲೆ ಬಲು ನಿಧಾನ. ಸುರಿದದ್ದರಲ್ಲಿ ಐದನೇ ಒಂದು ಪಾಲಿನಷ್ಟು ಸಾವಿರ ವರ್ಷದ ನಂತರವೂ ಗಾಳಿಯಲ್ಲೇ ಇರುತ್ತದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ಕಡೆದು ನಿಲ್ಲಿಸಿ ಸಾವಿರ ವರ್ಷದ ಮೇಲಾಯಿತು. ಚಾವುಂಡರಾಯನ ಕಡೆಯವರು ಬೆಟ್ಟ ಹತ್ತಲು ಅಂದು ಒಂದು ಲೀಟರ್ ಪೆಟ್ರೋಲ್ ಸುಟ್ಟಿದ್ದರೆ, ಅದರಿಂದ ಬಂದ ಒಂದು ದೊಡ್ಡ ಡ್ರಮ್ಮಿನಷ್ಟು ಅನಿಲ ಈ ಹೊತ್ತಿಗೂ ನಮ್ಮ ತಲೆಯ ಮೇಲೆ ಕಾವಡಿಯಂತೆ ಬಳುಕುತ್ತಿರುತ್ತಿತ್ತು.